ಎರಡು ಸಲ ಹರಿದ ಅಂಗಿ

ಅವಳಿಗೆ ದೇವರ ಮೇಲೆ ನಂಬಿಕೆ ಇತ್ತು. ದೇವರ ಜನರ ಮೇಲೆ ಇರಲಿಲ್ಲ. ಅದಕ್ಕೇ ಓಣಿಯವರು ಅವಳಿಗೆ ಅನುಮಾನಕ್ಕ ಅಂತ ಹೆಸರಿಟ್ಟಿದ್ದರು. ಹಾಲಿನವನು ಒಂದು ತೊಟ್ಟು ಕಡಿಮೆ ಹಾಕಿದರೆ ಮೋಸ ಅನ್ನುವವರು ಎಲ್ಲ ಓಣಿಯಲ್ಲೂ ಇರುತ್ತಾರೆ. ಅನುಮಾನಕ್ಕ ಒಂದು ತೊಟ್ಟು ಜಾಸ್ತಿ ಹಾಕಿದರೂ ಯಾಕೆ ಅಂತ ಕೇಳುವವಳು.

ಅದೇನು ಹುಟ್ಟುಗುಣವಲ್ಲ. ಅವಳ ಗಂಡ ಮಾರ್ಕೆಟ್ಟಿನಲ್ಲಿ ಹಮಾಲಿಯಾಗಿದ್ದ. ಒಂದು ದಿನ ಯಾರೋ ಬಂದು, ಈ ಗಂಟನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸು ಅಂದ. ಇವನು ಹೊತ್ತ. ದಾರಿಯಲ್ಲಿ ಪೊಲೀಸರು ಗಂಟು ಬಿಚ್ಚಿಸಿದರೆ ಒಳಗೆಲ್ಲ ಕದ್ದ ಬಟ್ಟೆ. ಯಾರು ಕೊಟ್ಟದ್ದು ಅಂತ ಕೇಳಿದರು. "ಯಾರೋ ಕೊಟ್ರು ಸಾಹೇಬ್ರೇ, ಹೊತ್ತೆ" ಅಂದ. ಠಾಣೆಯಲ್ಲೂ ಅದೇ ಮಾತು, ಕೋರ್ಟಿನಲ್ಲೂ ಅದೇ ಮಾತು. ನಿಜ ಇದ್ದದ್ದೇ ಅಷ್ಟು, ಬೇರೆ ಎಲ್ಲಿಂದ ತರಬೇಕು ಪಾಪ. ಒಂದು ವರ್ಷ ಒಳಗಿದ್ದು ಕೆಮ್ಮು ಹತ್ತಿಸಿಕೊಂಡು ಹೊರಗೆ ಬಂದ, ಆರು ತಿಂಗಳಲ್ಲಿ ಮಣ್ಣಾದ. ಅಂದಿನಿಂದ ಗಂಟು ಕಂಡರೆ ಸಾಕು, ಅವಳ ಎದೆ ಧಸಕ್ ಅನ್ನುತ್ತಿತ್ತು. ಓಣಿಯ ಮೂಲೆಯಲ್ಲೊಂದು ಪೊಲೀಸ್ ಚೌಕಿ ಇತ್ತು. ಕೈಯಲ್ಲಿ ಬರೀ ತರಕಾರಿ ಚೀಲವಿದ್ದರೂ ಅವಳು ರಸ್ತೆ ದಾಟಿ ಆಚೆ ಬದಿಯಿಂದಲೇ ಹೋಗುತ್ತಿದ್ದಳು.

ಗಂಡ ಸತ್ತ ಹೊಸದರಲ್ಲಿ ಚರ್ಚಿನವರು ಬಂದರು. ಪಾದ್ರಿಯ ಹೆಂಡತಿ ಕಂಬಳಿ ತಂದರು. ಕೀರ್ತನೆ ಹಾಡುವವರು ಮಗಳಿಗೆ ಬೂಟು ತಂದರು. ಮೂರನೇ ಬೆಂಚಿನಲ್ಲಿ ಕೂರುವ ಮುದುಕಿ, ಎಂದೋ ನಿವೃತ್ತರಾದ ಲೆಕ್ಕದ ಟೀಚರಮ್ಮ, ಒಂದು ಚೀಲ ಹಿಟ್ಟು ತಂದು ಹೊಸಿಲಲ್ಲಿಟ್ಟರು. ಮನೆಯಲ್ಲಿ ಒಲೆ ಹೊತ್ತಿ ಎರಡು ದಿನವಾಗಿತ್ತು. ತಾಯಿಗೂ ಮಗಳಿಗೂ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಆದರೂ ಬಂದವರಿಗೆಲ್ಲ ಅವಳದು ಒಂದೇ ಉತ್ತರ. ಪುಕ್ಕಟೆ ಬಂದದ್ದರ ಹಿಂದೆ ಪೊಲೀಸ್ ಬರುತ್ತಾನೆ, ಕೊಡುವ ಮನಸ್ಸಿದ್ದರೆ ಕೆಲಸ ಕೊಡಿ. ಕಂಬಳಿ ಹೋಯಿತು, ಬೂಟು ಹೋಯಿತು, ಹಿಟ್ಟೂ ಹೋಯಿತು. ಹನ್ನೊಂದು ವರ್ಷದ ಮಗಳು ಹಿಟ್ಟಿನ ಚೀಲ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಬಾಗಿಲಲ್ಲೇ ನಿಂತು ನೋಡಿದಳು.

ಅವಳ ಕೈಯಲ್ಲಿ ಒಂದು ವಿದ್ಯೆ ಇತ್ತು, ರಫು ಕೆಲಸ. ಬಟ್ಟೆ ಹರಿದ ಕಡೆ ತೇಪೆ ಹಚ್ಚುವುದಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಎಳೆದು, ಹರಿದಲ್ಲಿ ಒಂದರ ಮೇಲೊಂದು ದಾಟಿಸಿ ಹೆಣೆದು, ಹರಿದೇ ಇಲ್ಲ ಅನ್ನಿಸಿಬಿಡುವ ಕೆಲಸ. ಸೂಜಿಯೊಂದನ್ನು ದಾರದ ಸಮೇತ ಹೆಗಲ ಹತ್ತಿರ ಬಟ್ಟೆಗೆ ಸಿಕ್ಕಿಸಿಕೊಂಡೇ ಅವಳು ಓಡಾಡುತ್ತಿದ್ದಳು. ಲಾಂಡ್ರಿ, ಹೋಟೆಲು, ಹಾಸ್ಟೆಲು ಎಲ್ಲ ಕಡೆ ಕೇಳಿ ಬಂದಿದ್ದಳು. ಮೂರು ವಾರದ ಮೇಲೆ ಲಾಂಡ್ರಿಯವನು ಒಂದು ಗಂಟು ತಂದು ಚಾಪೆಯ ಮೇಲಿಟ್ಟ. ಎರಡು ಅಂಗಿ, ಒಂದು ಪ್ಯಾಂಟು. ಬುಧವಾರ ಬುಧವಾರ ಬರುತ್ತೇನೆ, ಕೂಲಿ ಕೈಗೆ ಕೈಗೇ ಅಂದ. ಯಾರ ಬಟ್ಟೆ ಅಂತ ಕೇಳಿದರೆ, "ಗಿರಾಕಿದು ಅಕ್ಕ, ಇನ್ಯಾರದು" ಅಂತ ಸೈಕಲ್ ಹತ್ತಿದ.

ಆ ಬುಧವಾರಗಳಿಂದ ಮನೆಯಲ್ಲಿ ಒಲೆ ಹೊತ್ತಿತು. ಅವಳು ಕಿಟಕಿಯ ಪಕ್ಕ ಕೂತು, ಬೆಳಕು ಬರುವ ಮೊದಲು ಪ್ರಾರ್ಥನೆ, ಬಂದ ಮೇಲೆ ಸೂಜಿ ಅಂತ ನಿಯಮ ಮಾಡಿಕೊಂಡಳು. ಮೊದಮೊದಲು ಒಂದು ಹರಕಿಗೆ ಎರಡು ದಿನ ಹಿಡಿಯುತ್ತಿತ್ತು. ತನಗೇ ಒಪ್ಪಿಗೆಯಾಗದಿದ್ದರೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಐದು ತಿಂಗಳಲ್ಲಿ ಕೈ ಎಷ್ಟು ಪಳಗಿತೆಂದರೆ, ತಾನೇ ಹೆಣೆದ ಜಾಗವನ್ನು ಹುಡುಕಲು ಬಟ್ಟೆಯನ್ನು ಬೆಳಕಿಗೆ ಹಿಡಿಯಬೇಕಾಗುತ್ತಿತ್ತು. ಬೇರೆಯವರಾಗಿದ್ದರೆ ಸ್ತೋತ್ರ ಅಂತ ಹೇಳಿ ಸುಮ್ಮನಿರುತ್ತಿದ್ದರು. ಇವಳ ಪ್ರಾರ್ಥನೆಯೇ ಬೇರೆ: ಕರ್ತನೇ, ಇದು ನೀನು ಕೊಟ್ಟದ್ದಾದರೆ ಸರಿ, ಬೇರೆ ಯಾರಾದರೂ ಕೊಟ್ಟದ್ದಾದರೆ ದಯವಿಟ್ಟು ಹೆಸರು ತಿಳಿಸು.

ಹೆಸರು ತಿಳಿಯಲಿಲ್ಲ. ಬಟ್ಟೆಗಳು ಮಾತ್ರ ಒಂದೊಂದೇ ಗುಟ್ಟು ಬಿಡತೊಡಗಿದವು. ಮೊದಲನೆಯದು, ಎಲ್ಲವೂ ಒಬ್ಬನೇ ಗಂಡಸಿನ ಅಳತೆಯವು. ಎತ್ತರದ ಆಳು, ಕತ್ತು ಸಣ್ಣದು. ಎರಡನೆಯದು, ಬೆವರಿನ ವಾಸನೆಯೇ ಇಲ್ಲ, ಬರೀ ನುಸಿಗುಳಿಗೆಯ ವಾಸನೆ. ಬೆವರದ ಗಂಡಸು ವಾರಕ್ಕೆ ಎರಡು ಅಂಗಿ ಹರಿದುಕೊಳ್ಳುವುದು ಹೇಗೆ? ಒಂದು ಬುಧವಾರ ನೀಲಿ ಗೆರೆಯ ಅಂಗಿಯನ್ನು ಬಿಡಿಸಿದವಳು ಹಾಗೇ ಕೂತುಬಿಟ್ಟಳು. ಎರಡು ತಿಂಗಳ ಹಿಂದೆ ಭುಜದ ಹತ್ತಿರ ಅವಳೇ ಹೆಣೆದಿದ್ದ ಅಂಗಿ ಅದು. ಅವಳು ಮಡಿಸಿ ಕೊಟ್ಟ ಮಡಿಕೆಯ ಗೆರೆ ಹಾಗೇ ಇತ್ತು. ಯಾರೂ ತೊಟ್ಟಿರಲಿಲ್ಲ. ತೊಡದ ಅಂಗಿ ಈಗ ಎದೆಯ ಹತ್ತಿರ ಹರಿದಿತ್ತು.

ಮಗಳು ಬಗ್ಗಿ ನೋಡಿ, "ಅಮ್ಮ, ಚಾಕು ಹಾಕಿದ್ರೆ ಹೀಗೇ ಹರಿಯುತ್ತಾ?" ಅಂದಳು.

ಅನುಮಾನಕ್ಕನಿಗೆ ಅಷ್ಟು ಸಾಕಾಯಿತು. ಅಂಗಿಯನ್ನು ಬಿಸಿಲಿಗೆ ಹಿಡಿದು ರಕ್ತದ ಕಲೆ ಹುಡುಕಿದಳು. ಸಿಗಲಿಲ್ಲ. ತೊಳೆದಿರಬಹುದು ಅಂದುಕೊಂಡಳು. ಕಲೆ ಸಿಕ್ಕಿದ್ದರೆ ಒಂದು ಹೆದರಿಕೆ, ಸಿಗದಿದ್ದಕ್ಕೆ ಎರಡು.

ಅದೇ ವಾರ ದೊಡ್ಡ ರಸ್ತೆಯ ಕೋಟಿನ ಟೈಲರ್ ಅವಳನ್ನು ಕರೆಸಿದ. ಅವಳ ಕೈಕೆಲಸದ ಸುದ್ದಿ ಅವನ ತನಕ ಹೋಗಿತ್ತು. ರಫು ಮಾಡುತ್ತಿದ್ದ ಮುದುಕನಿಗೆ ಕಣ್ಣು ಹೋಗಿ ಕಿಟಕಿ ಪಕ್ಕದ ಕುರ್ಚಿ ಖಾಲಿಯಾಗಿತ್ತು, ತಿಂಗಳ ಸಂಬಳದ ಕೆಲಸ. ಅಂಥ ಕುರ್ಚಿಯ ಕನಸನ್ನು ಕಾಣಲೂ ಅವಳಿಗೆ ಹೆದರಿಕೆಯಾಗುತ್ತಿತ್ತು. ಮಾದರಿ ತೋರಿಸಲು ಅದೇ ನೀಲಿ ಗೆರೆಯ ಅಂಗಿ ಒಯ್ದಳು. ಟೈಲರ್ ಭುಜದ ಹೆಣಿಗೆಯನ್ನು ಬೆರಳಿನಲ್ಲಿ ಸವರಿ ತಲೆದೂಗಿದ. ಆಮೇಲೆ ಎದೆಯ ಹರಕಿನ ಮೇಲೆ ಬೆರಳಿಟ್ಟವನು ಕನ್ನಡಕ ಮೇಲೇರಿಸಿದ.

"ಇದು ಹರಿದದ್ದಲ್ಲಮ್ಮ, ಕತ್ತರಿಸಿದ್ದು. ಕತ್ತರಿಸಿ ಅಂಚನ್ನ ಉಜ್ಜಿದ್ದಾರೆ, ಹರಿದ ಹಾಗೆ ಕಾಣಲಿ ಅಂತ. ಅದೂ ಎಡಗೈಯವರ ಕೆಲಸ. ಎಡಗೈಯಲ್ಲಿ ನಮ್ಮ ಕತ್ತರಿ ಹಿಡಿದರೆ ಬಟ್ಟೆನ ಕತ್ತರಿಸೋದಿಲ್ಲ, ಹೀಗೆ ಅಗಿಯುತ್ತೆ."

ಅವಳ ಗಂಡನ ಕಥೆ ಅವನಿಗೆ ಗೊತ್ತಿತ್ತು. ಕೆಟ್ಟವನಲ್ಲ, ಆದರೆ ಅಂಗಡಿ ಇಟ್ಟವನು. ಕಳ್ಳ ಮಾಲಿನ ಗುರುತು ಅಳಿಸುವವರು ಹೀಗೆಲ್ಲ ಮಾಡುತ್ತಾರೆ, ಗಿರಾಕಿಗಳ ಕೋಟು ನಿನ್ನ ಕೈಗೆ ಕೊಡುವ ಮೊದಲು ನನಗೆ ಖಾತ್ರಿ ಬೇಕು, ಬಟ್ಟೆ ಯಾರದು ಅಂತ ತಿಳಿದುಕೊಂಡು ಬರುವ ಸೋಮವಾರವಲ್ಲ, ಅದರ ಆಚೆ ಸೋಮವಾರದ ಒಳಗೆ ಬಂದು ಹೇಳು, ಹೇಳಿದರೆ ಕುರ್ಚಿ ನಿನ್ನದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಅಂದ. ಅವಳು ಅಂಗಿಯನ್ನು ಬಗಲಲ್ಲಿ ಅವುಚಿಕೊಂಡು, ಚೌಕಿ ತಪ್ಪಿಸಿ, ಸುತ್ತು ಬಳಸಿ ಮನೆಗೆ ಬಂದಳು. ತಾನೇ ಕದ್ದವಳ ಹಾಗೆ ಅಂಗಿಯನ್ನು ಹಾಸಿಗೆಯ ಅಡಿಗೆ ತುರುಕಿದಳು. ತಾನು ಒಳಗೆ ಹೋದರೆ ಮಗಳ ಗತಿಯೇನು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಭಾನುವಾರ ಚರ್ಚಿನಲ್ಲಿ ಅವಳು ಪ್ರಸಂಗ ಕೇಳಿದ್ದು ಅಷ್ಟಕ್ಕಷ್ಟೇ. ಗಂಡಸರ ಬೆಂಚುಗಳನ್ನು ಹದ್ದಿನ ಕಣ್ಣಿನಿಂದ ಅಳೆಯುತ್ತಿದ್ದಳು. ಯಾರ ಕತ್ತು ಸಣ್ಣದು, ಕಾಣಿಕೆ ತಟ್ಟೆಯನ್ನು ಯಾರು ಎಡಗೈಯಲ್ಲಿ ದಾಟಿಸುತ್ತಾರೆ. ಪಾದ್ರಿಯವರು ಎಡಗೈಯಿಂದ ಮೂಗು ಒರೆಸಿಕೊಂಡರೆ ಅವರ ಮೇಲೂ ಒಂದು ಕಣ್ಣಿಟ್ಟಳು. ಕಳ್ಳನೆಂದರೆ ಗಂಡಸೇ ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದರೋ. ಗೋಡೆಯ ಹಲಗೆಯ ಮೇಲೆ ಕೀರ್ತನೆಯ ನಂಬರು ಬರೆಯುತ್ತಿದ್ದವರ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಹೆದರಿಕೆ ಎಷ್ಟಿದ್ದರೂ ಕೂಲಿ ಬಿಡುವ ಹಾಗಿರಲಿಲ್ಲ, ಹಾಸಿಗೆಯ ಅಡಿಯಿಂದ ಅಂಗಿ ತೆಗೆದು ಎದೆಯ ಹರಕನ್ನೂ ಹೆಣೆದು ಮುಗಿಸಿದಳು. ಬುಧವಾರ ಲಾಂಡ್ರಿಯವನು ಬಂದ. ಯಾರ ಬಟ್ಟೆ ಹೇಳು, ಇಲ್ಲದಿದ್ದರೆ ಗಂಟು ಕೊಡುವುದಿಲ್ಲ ಅಂತ ಬಾಗಿಲಿಗೆ ಅಡ್ಡ ನಿಂತಳು. ಅವನು ತಲೆ ಕೆರೆದುಕೊಂಡು, "ಮಾತು ಕೊಟ್ಟಿದ್ದೀನಿ ಅಕ್ಕ, ಹೇಳೋ ಹಾಗಿಲ್ಲ" ಅಂದ. ಒಳ್ಳೆಯ ಕೆಲಸಕ್ಕೆ ಗುಟ್ಟು ಯಾಕೆ ಬೇಕು? ಬೆಳ್ಳಗಿರುವುದೆಲ್ಲ ಹಾಲಲ್ಲ ಅಂದುಕೊಂಡು ಗಂಟು ಕೊಟ್ಟಳು. ಅವನು ತಿರುವು ದಾಟಿದ ಮೇಲೆ ಮನೆಗೆ ಬೀಗ ಹಾಕಿ ಹಿಂದೆಯೇ ಹೊರಟಳು. ಅವನ ಸೈಕಲ್ಲಿನ ತುಂಬ ಹೋಟೆಲಿನ ಹಾಸಿಗೆಬಟ್ಟೆ ಇತ್ತು, ತಳ್ಳಿಕೊಂಡೇ ಹೋಗುತ್ತಿದ್ದ. ಹೋಟೆಲಿನ ಹಿಂಬಾಗಿಲು, ಹಾಸ್ಟೆಲಿನ ಗೇಟು, ಆಮೇಲೆ ಚರ್ಚಿನ ಹಿಂದಿನ ಬೀದಿ. ನೀಲಿ ಬಾಗಿಲಿನ ಸಣ್ಣ ಮನೆಯ ಮುಂದೆ ಸೈಕಲ್ ನಿಂತಿತು. ಬಾಗಿಲು ಅರ್ಧ ತೆರೆಯಿತು, ಗಂಟು ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಅವನು ಹೋಗುವ ತನಕ ಕಾದು, ಅವಳು ಪಕ್ಕದ ಸಂದಿಗೆ ನುಗ್ಗಿ ಕಿಟಕಿಯ ಪರದೆಯ ಅಂಚಿನಿಂದ ಇಣುಕಿದಳು.

ಒಳಗೆ ಇದ್ದವರು ಲೆಕ್ಕದ ಟೀಚರಮ್ಮ, ಒಬ್ಬರೇ. ಮೇಜಿನ ಮೇಲೆ ಹಾಲಿಲ್ಲದ ಕರೀ ಚಹಾ. ಗೋಡೆಯಲ್ಲಿ ಎತ್ತರದ, ಸಣ್ಣ ಕತ್ತಿನ ಗಂಡಸೊಬ್ಬನ ಫೋಟೋ. ಟೀಚರಮ್ಮ ಗಂಟು ಬಿಚ್ಚಿ ನೀಲಿ ಗೆರೆಯ ಅಂಗಿ ತೆಗೆದರು. ಕನ್ನಡಕ ಹಾಕಿಕೊಂಡು ಎದೆಯ ಹತ್ತಿರ ಹರಕು ಎಲ್ಲಿತ್ತೆಂದು ಬಹಳ ಹೊತ್ತು ಹುಡುಕಿದರು. ಸಿಗದೆ ಹೋದಾಗ, ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ ಹುಡುಗಿಯನ್ನು ನೋಡುವ ಹಾಗೆ ಆ ಅಂಗಿಯನ್ನು ನೋಡಿ ನಕ್ಕರು. ಅದನ್ನು ಒಂದು ಗಳಿಗೆ ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಮೂಲೆಯ ಟ್ರಂಕಿನ ಹತ್ತಿರ ಹೋದರು. ಟ್ರಂಕಿನಲ್ಲಿ ಕತ್ತರಿ ತಾಗದೆ ಉಳಿದದ್ದು ಒಂದೇ, ಕಪ್ಪು ಕೋಟು. ಫೋಟೋದಲ್ಲಿದ್ದ ಗಂಡಸು ತೊಟ್ಟದ್ದೂ ಅದನ್ನೇ, ಪಕ್ಕದಲ್ಲಿ ಬಿಳಿ ಮುಸುಕಿನ ಮದುಮಗಳು. ಟೀಚರಮ್ಮ ಕೋಟನ್ನು ಮೇಜಿನ ಮೇಲೆ ಹರಡಿದರು, ಕತ್ತರಿ ತೆಗೆದುಕೊಂಡರು, ಎಡಗೈಯಲ್ಲಿ, ಭಾನುವಾರ ಚರ್ಚಿನ ಹಲಗೆಯ ಮೇಲೆ ನಂಬರು ಬರೆದ ಅದೇ ಕೈಯಲ್ಲಿ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು, ಪ್ರಾರ್ಥನೆಯೋ, ಸತ್ತವನ ಹತ್ತಿರ ಕ್ಷಮೆಯೋ. ಪಕ್ಕದಲ್ಲಿ ಅಂಚು ಉಜ್ಜಲು ಪಾತ್ರೆ ತಿಕ್ಕುವ ತಂತಿ ಸಿದ್ಧವಾಗಿತ್ತು.

ಅನುಮಾನಕ್ಕನಿಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು. ಹಾಗಾದರೆ ಐದು ತಿಂಗಳು ನಾನು ತಿಂದದ್ದು ಭಿಕ್ಷೆಯೇ? ಬೆನ್ನು ಬಾಗಿಸಿ, ಕಣ್ಣು ಉರಿಸಿಕೊಂಡು ಹೆಣೆದದ್ದೆಲ್ಲ ನಾಟಕವೇ? ತಿರುಗಿ ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಕತ್ತರಿ ಬಾಯಿ ತೆರೆದು ಕೋಟಿನ ಮೊಣಕೈಯ ಮೇಲೆ ಬಂತು. ಇವಳು ಕಿಟಕಿಯ ಗಾಜನ್ನು ಬಡಿದಳು.

"ಅದನ್ನ ಕತ್ತರಿಸಬೇಡಿ ಟೀಚರಮ್ಮ."

ನಲವತ್ತು ವರ್ಷ ಹುಡುಗಿಯರ ಕಾಪಿ ಹಿಡಿದವರು ಈಗ ತಾವೇ ಸಿಕ್ಕಿಬಿದ್ದರು. ಬಾಗಿಲು ತೆರೆದಾಗ ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

"ನೀನೇ ಅಂದೆಯಲ್ಲಮ್ಮ, ಕೊಡೋದಿದ್ರೆ ಕೆಲಸ ಕೊಡಿ ಅಂತ. ಹರಿದ ಬಟ್ಟೆ ಕೊಡೋಣ ಅಂದ್ರೆ ಈ ಮನೇಲಿ ಒಂದೂ ಇರಲಿಲ್ಲ. ಅವರು ಬಟ್ಟೆ ಜೋಪಾನ ಮಾಡೋರು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗೆ ಬಂದು ಕೂತಳು. ಇಷ್ಟೊಂದು ಕಷ್ಟಪಟ್ಟು ಯಾಕೆ ಮಾಡಿದಿರಿ ಅಂತ ಕೇಳಿದರೆ, ಟೀಚರಮ್ಮ ಮೊದಲ ವಾರ ಮಾತ್ರ ನಿನಗೋಸ್ಕರ ಮಾಡಿದೆ ಅಂದರು. ಆಮೇಲೆ ಟ್ರಂಕು ತೆರೆಯುವುದಕ್ಕೆ ಒಂದು ನೆಪ ಸಿಕ್ಕಿತಂತೆ. ನೀನು ವಾಪಸ್ ಕಳಿಸಿದ ಅಂಗಿ ನೋಡಿದರೆ ಅವರು ಇನ್ನೂ ಇದ್ದಾರೆ ಅನ್ನಿಸುತ್ತಿತ್ತು, ನಿನ್ನ ಕೆಲಸ ನಾಟಕವಲ್ಲ ಕಣಮ್ಮ ಅಂದರು. ನಿನ್ನ ಕೈಕೆಲಸ ನೋಡಲಿ ಅಂತ ದೊಡ್ಡ ರಸ್ತೆಯ ಟೈಲರಿಗೆ ಹೇಳಿ ಕಳಿಸಿದವಳೂ ನಾನೇ ಅಂತ ಕೂಡ ಒಪ್ಪಿಕೊಂಡರು.

ಅವಳು ಕೋಟಿನ ತೋಳನ್ನು ಮೇಲಿಂದ ಕೆಳಗೆ ಸವರಿದಳು. ಕೊನೆಗೆ ಅವಳ ಬಾಯಿಂದ ಬಂದ ಮಾತು ಅವಳಿಗೇ ಆಶ್ಚರ್ಯವಾಗುವಂಥದು.

"ಆ ದಿನ ತಂದಿದ್ರಲ್ಲ, ಆ ಹಿಟ್ಟು ಇದೆಯಾ?"

"ಇದೆ. ಒಂದ್ಸಲ ಕೊಟ್ಟದ್ದನ್ನ ನಾನು ಹೇಗೆ ತಿನ್ನಲಿ? ಹುಳ ಬಿದ್ದಿದೆ."

"ಜರಡಿ ಇದೆಯಲ್ಲ."

ಇಬ್ಬರೂ ನೆಲದ ಮೇಲೆ ಪೇಪರು ಹಾಸಿಕೊಂಡು ಹಿಟ್ಟು ಜರಡಿ ಹಿಡಿದರು. ಹುಳುಗಳು ದಿಕ್ಕಾಪಾಲಾದವು. ಅರ್ಧವನ್ನು ಅವಳು ಟೀಚರಮ್ಮನ ಡಬ್ಬಕ್ಕೆ ಸುರಿದಳು, ಬೇಡ ಅಂದರೆ ಕೇಳಲಿಲ್ಲ. ಕೋಟನ್ನು ಮಡಿಸಿ ಟ್ರಂಕಿಗೆ ಸೇರಿಸಿದಳು. ಟೈಲರ್ ಹಾಕಿದ ಷರತ್ತನ್ನೂ ಹೇಳಿದಳು. ಈಗ ಅವನಿಗೆ ಏನು ಹೇಳುತ್ತೀ ಅಂತ ಟೀಚರಮ್ಮ ಕೇಳಿದರು. ಸೋಮವಾರ ನಿಮ್ಮ ಎಡಗೈ ಹಿಡಿದು ಕರೆದುಕೊಂಡು ಹೋಗಿ ಕಳ್ಳರು ಇವರೇ ಅಂತ ತೋರಿಸುತ್ತೇನೆ ಅಂದಳು. ಟೀಚರಮ್ಮ ನಕ್ಕರು.

ಹಿಟ್ಟಿನ ಚೀಲ ಸೊಂಟದ ಮೇಲಿಟ್ಟುಕೊಂಡು ಅವಳು ಓಣಿಗೆ ಬಂದಾಗ ಇನ್ನೂ ಬಿಸಿಲಿತ್ತು. ಅಭ್ಯಾಸಬಲದಿಂದ ಕಾಲು ರಸ್ತೆಯ ಆಚೆ ಬದಿಗೆ ಎಳೆಯಿತು. ಅವಳು ಅದನ್ನು ಗದರಿ ನೇರ ನಡೆದಳು. ಚೌಕಿಯ ಮುಂದೆ ನಿಂತಿದ್ದ ಪೇದೆ ಅವಳನ್ನು ನೋಡಿದ, ಚೀಲ ನೋಡಿದ, ಕೈಯೆತ್ತಿ ನಿಲ್ಲಿಸಿದ.

"ಏನಮ್ಮ ಅದು?"

"ಹಿಟ್ಟು."

"ಎಲ್ಲಿಂದ ತರ್ತಾ ಇದ್ದೀಯ?"

ಕೊಟ್ರು ಸಾಹೇಬ್ರೇ, ಹೊತ್ತೆ. ಗಂಡನ ಮಾತು ನಾಲಿಗೆಯ ತುದಿಗೇ ಬಂದು ನಿಂತಿತು. ಯಾರು ಕೊಟ್ಟರು ಅಂತ ಹೇಳಲು ಅವನಿಗೆ ಒಂದು ಹೆಸರು ಇರಲಿಲ್ಲ. ಅವಳು ಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು ತಲೆಯೆತ್ತಿದಳು.

"ಟೀಚರಮ್ಮ ಕೊಟ್ರು. ಚರ್ಚಿನ ಹಿಂದಿನ ಬೀದಿ, ನೀಲಿ ಬಾಗಿಲು. ಬೇಕಾದ್ರೆ ಹೋಗಿ ಕೇಳಿ."

"ನಾನ್ಯಾಕೆ ಕೇಳಲಿ? ಚೀಲ ಹರಿದಿದೆ ತಾಯಿ, ದಾರಿಯುದ್ದಕ್ಕೂ ಸುರೀತಾ ಬಂದಿದೆ, ಅಷ್ಟು ಹೇಳೋಣ ಅಂತ."

ಅವಳು ತಿರುಗಿ ನೋಡಿದಳು. ಬಂದ ದಾರಿಯ ಉದ್ದಕ್ಕೂ ಸಣ್ಣ ಬಿಳಿ ಗೆರೆ. ಚೌಕಿಯ ಮೆಟ್ಟಿಲ ಮೇಲೆಯೇ ಕೂತು, ಹೆಗಲಿನಿಂದ ಸೂಜಿ ತೆಗೆದಳು. ಹರಕನ್ನು ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಸವರಿ ನೋಡಿದಳು. ಕತ್ತರಿಯದಲ್ಲ, ಇಲಿ ಕಡಿದದ್ದು. ಸಮಾಧಾನವಾಗಿ ಹೊಲಿಯತೊಡಗಿದಳು.