ಚೀಟಿಯಲ್ಲಿಲ್ಲದ ತಂತಿ

ಗಡಿಯಾರ ಮಾಮ ತಮ್ಮ ಬೇಸ್ ಗಿಟಾರಿನ ಪೆಟ್ಟಿಗೆಯನ್ನು ಬೇರೆ ಯಾರ ಕೈಗೂ ಕೊಡುವವರಲ್ಲ. ಆ ಬುಧವಾರವೂ ತಾವೇ ಹೊತ್ತುಕೊಂಡು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಆದರೆ ಬಾಗಿಲ ಹಿಡಿ ತಿರುಗಿಸುವ ಮೊದಲು ಪೆಟ್ಟಿಗೆಯನ್ನು ನೆಲಕ್ಕಿಟ್ಟರು. ಬಲಗೈಯಲ್ಲಿ ಬಾಗಿಲು ತೆರೆದರು, ಅದೇ ಬಲಗೈಯಲ್ಲಿ ಮತ್ತೆ ಪೆಟ್ಟಿಗೆ ಎತ್ತಿಕೊಂಡರು. ಅಷ್ಟು ಹೊತ್ತೂ ಎಡಗೈ ಕೋಟಿನ ಜೇಬಿನಲ್ಲೇ ಇತ್ತು. ಗಾಜಿನ ಈಚೆ ಕೂತಿದ್ದ ನಾನು ಇದನ್ನು ನೋಡಿದೆ.

“ಏನಮ್ಮ ಮೌನಗೌರಿ, ಎಲ್ಲಿ ನಿಮ್ಮತ್ತೆ?”

ನಾನು ಒಳಕೋಣೆಯ ಕಡೆ ಕೈ ತೋರಿಸಿದೆ. ಅಂಗಡಿ ಅತ್ತೆಯದು. ಒಂಬತ್ತನೇ ತರಗತಿಗೆ ನಾನು ಶಾಲೆ ಬಿಟ್ಟಾಗ, “ಇಲ್ಲಿ ಬಂದು ಕೂತ್ಕೋ, ವಾದ್ಯಗಳು ನಿನ್ನನ್ನ ಎದ್ದು ನಿಂತು ಓದು ಅನ್ನಲ್ಲ” ಎಂದು ಕರೆತಂದವಳು. ಐದು ವರ್ಷದಿಂದ ಅವಳ ಪಕ್ಕದಲ್ಲಿ ಕೂತು ಬಿರಡೆ ಬದಲಾಯಿಸುತ್ತೇನೆ, ಅಂಟು ಹಚ್ಚುತ್ತೇನೆ, ತಂತಿ ಕಟ್ಟುತ್ತೇನೆ.

“ಐದು ನಿಮಿಷ ತಡವಾಗಿ ಬಂದ್ಯಲ್ಲೋ ಗಡಿಯಾರ! ಕೀಲಿ ಕೊಡೋದು ಮರ್ತೆಯಾ?” ಎನ್ನುತ್ತಾ ಅತ್ತೆ ಹೊರಗೆ ಬಂದಳು. ಮೂವತ್ತು ವರ್ಷದಲ್ಲಿ ಒಂದು ಸಲವೂ ತಾಳ ತಪ್ಪದ ಮನುಷ್ಯ ಎಂದು ಅವರಿಗೆ ಆ ಹೆಸರು.

“ಹೊಸ ತಂತಿ ಹಾಕ್ಸಮ್ಮ. ಯಾವಾಗ್ಲೂ ಹಾಕೋದೇ. ಬಿಗಿ ತಂತಿ. ಶನಿವಾರ ಮೂರು ಗಂಟೆಗೆ ಪಿಯಾನೋ ಮೇಡಂ ನಾನು ನುಡಿಸೋದನ್ನ ಕೇಳ್ತಾರಂತೆ.”

ಪಿಯಾನೋ ಮೇಡಂ ಹೊಸ ತಂಡ ಕಟ್ಟುತ್ತಿದ್ದರು, ವರ್ಷಪೂರ್ತಿ ಕಾರ್ಯಕ್ರಮವಿರುವ ತಂಡ. ಬೇಸ್ ನುಡಿಸಲು ಇಬ್ಬರನ್ನು ಕರೆದಿದ್ದರು. ಇನ್ನೊಬ್ಬನಿಗೆ ಇಪ್ಪತ್ತಾರು ವರ್ಷ.

“ಅವನ ಬೆರಳು ಜೇಡದ ಕಾಲಿದ್ದ ಹಾಗಂತೆ,” ಎಂದಳು ಅತ್ತೆ.

“ಜೇಡ ಬಲೆ ನೇಯ್ಲಿ ಬಿಡು. ತಾಳ ನಾನು ಹಿಡೀತೀನಿ.” ಮಾಮ ನಕ್ಕರು. ಆಮೇಲೆ ದನಿ ಇಳಿಸಿ, “ಇದು ಕೈ ತಪ್ಪಿದ್ರೆ ಆಯ್ತು. ನನ್ನ ವಯಸ್ಸಿನವನನ್ನ ಮತ್ತೆ ಯಾರು ಕರೀತಾರೆ?” ಎಂದರು.

ಅತ್ತೆ ‘ಬಿಗಿ ತಂತಿ. ಶನಿವಾರ ಒಂದು ಗಂಟೆ’ ಎಂದು ಚೀಟಿ ಬರೆದು ಗಿಟಾರಿನ ಕತ್ತಿಗೆ ಅಂಟಿಸಿದಳು. ನಮ್ಮಲ್ಲಿ ಚೀಟಿಯಲ್ಲಿ ಬರೆದದ್ದೇ ಕೊನೆಯ ಮಾತು. ಮಾರನೆಯ ಬೆಳಿಗ್ಗೆ ಅವಳು ಪಕ್ಕದ ಊರಿನ ಶಾಲೆಯ ಪಿಯಾನೋಗಳನ್ನು ಸರಿಮಾಡಲು ಹೊರಟಳು. ಬರುವುದು ಭಾನುವಾರ.

ಗುರುವಾರ ನಾನು ಹಳೆಯ ತಂತಿಗಳನ್ನು ಬಿಚ್ಚಿದೆ. ಸಾಮಾನ್ಯ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಬೆರಳು ಸ್ವಲ್ಪ ಆಚೀಚೆ ಬಿದ್ದರೂ ಪಟ್ಟಿ ಶ್ರುತಿಯನ್ನು ಕಾಪಾಡುತ್ತದೆ. ಮಾಮನದಕ್ಕೆ ಪಟ್ಟಿಗಳಿಲ್ಲ. ಬರೀ ಕಪ್ಪು ಮರ. ಬೆರಳು ಬಿದ್ದಲ್ಲೇ ಸ್ವರ. ಕೂದಲೆಳೆ ತಪ್ಪಿದರೂ ಎದುರಿಗೆ ಕೂತವರಿಗೆ ಗೊತ್ತಾಗುತ್ತದೆ. ಹಾಗಾಗಿ ಬೆರಳು ಎಲ್ಲೆಲ್ಲಿ ಓಡಾಡಿದೆ ಎಂಬುದು ಮರದ ಮೇಲೆ ಸವೆದು ಉಳಿದಿರುತ್ತದೆ.

ಬಟ್ಟೆಯಿಂದ ಒರೆಸಲು ಹೋದವಳು ನಿಲ್ಲಿಸಿದೆ. ಬಿರಡೆಗಳ ಹತ್ತಿರ, ದಪ್ಪ ತಂತಿಯ ಕೆಳಗೆ, ಮೂವತ್ತು ವರ್ಷದ ಆಳವಾದ ಗೀರುಗಳಲ್ಲಿ ಧೂಳು ಕೂತಿತ್ತು. ಕೈ ಹೆಚ್ಚು ಅಗಲಿಸಬೇಕಾದ, ಹೆಚ್ಚು ಬಲ ಹಾಕಬೇಕಾದ ಜಾಗ ಅದು. ಕತ್ತಿನ ನಡುವೆ ಮಾತ್ರ ಮರ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ಅವರು ಆ ಧೂಳಿನ ಜಾಗದ ಮಂದ್ರ ಸ್ವರಗಳನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಜೇಬಿನಲ್ಲಿದ್ದ ಎಡಗೈ ನೆನಪಾಯಿತು.

ಖಾನೆಯಲ್ಲಿ ಮೂರು ಬಗೆಯ ಪೊಟ್ಟಣಗಳಿದ್ದವು. ಬಿಗಿ, ನಡುವಿನದು, ಸಡಿಲು. ಯಾವುದನ್ನು ಹಾಕಿದರೂ ಶ್ರುತಿ ಒಂದೇ. ಬಿಗಿ ಪೊಟ್ಟಣದಲ್ಲಿ ಪ್ರತಿ ತಂತಿಯೂ ಒಂದಷ್ಟು ಹೆಚ್ಚು ದಪ್ಪ. ಅದೇ ಶ್ರುತಿಗೆ ಬರಬೇಕಾದರೆ ಅದನ್ನು ಹೆಚ್ಚು ಎಳೆಯಬೇಕು. ನಾಲ್ಕೂ ಸೇರಿ ಒಬ್ಬ ದಢೂತಿ ಮನುಷ್ಯ ಜೋತುಬಿದ್ದಷ್ಟು ಎಳೆತ. ಅದನ್ನು ಮರಕ್ಕೆ ಒತ್ತಿಹಿಡಿಯಲು ಬೆರಳು ಗಟ್ಟಿ ಇರಬೇಕು. ಸಡಿಲು ತಂತಿ ಬೆರಳಿಗೆ ಸುಖ, ಆದರೆ ಬಿಗಿಗೆ ಒಗ್ಗಿದ ಕೈ ಅದನ್ನು ಜೋರಾಗಿ ಒತ್ತಿತೋ, ಸ್ವರ ಶ್ರುತಿ ಬಿಟ್ಟು ಏರಿಬಿಡುತ್ತದೆ.

ಕೈ ಅಗಲಿಸಲಾಗದವರಿಗೆ ಹೇಗಿರುತ್ತದೆಂದು ನೋಡಲು ನಾನು ನನ್ನ ಎಡಗೈಯ ಕಿರುಬೆರಳನ್ನೂ ಉಂಗುರ ಬೆರಳನ್ನೂ ಟೇಪಿನಿಂದ ಸುತ್ತಿ ಕಟ್ಟಿಕೊಂಡೆ. ಅಂಗಡಿಯಲ್ಲಿ ಮಾದರಿಗೆಂದು ಇಟ್ಟ ಹಳೆಯ ತಂತಿಗಳಲ್ಲಿ ಮೂರೂ ಬಗೆಯ ಒಂದೊಂದನ್ನು ಏರಿಸಿ ಒತ್ತಿ ನೋಡಿದೆ. ಬಿಗಿಯದರಲ್ಲಿ ಎರಡು ನಿಮಿಷಕ್ಕೆ ಮಣಿಕಟ್ಟು ಉರಿಯಿತು.

ಕೇಳಿಬಿಟ್ಟರೆ ಮುಗಿಯುತ್ತಿತ್ತು. ಮಾಮನ ಮನೆಗೆ ಫೋನ್ ಮಾಡಿದೆ. “ಹಲೋ, ಯಾರು?” ಎಂದರು. ‘ನಿಮ್ಮ ಕೈಗೆ ಏನಾಗಿದೆ?’ ಎಂದು ಕೇಳಲು ಬಾಯಿ ತೆರೆದೆ. “ಹಲೋ? ಯಾರಪ್ಪಾ ಇದು, ಉಸಿರು ಮಾತ್ರ ಕೇಳ್ಸತ್ತೆ!” ಫೋನ್ ಇಟ್ಟುಬಿಟ್ಟೆ. ಆಮೇಲೆ ಅತ್ತೆಗೆ ಮಾಡಿ, ಮಾಮನ ಎಡಗೈ ಸರಿಯಿಲ್ಲ ಅನಿಸುತ್ತದೆ ಎಂದೆ.

“ಚೀಟೀಲಿ ಏನಿದೆ?” ಎಂದಳು ಅತ್ತೆ. ಹಿಂದೆ ಯಾರೋ ಪಿಯಾನೋದ ಒಂದೇ ಸ್ವರವನ್ನು ಕುಟ್ಟುತ್ತಿದ್ದರು.

“ಬಿಗಿ.”

“ಮತ್ತೆ? ಅದನ್ನ ಹಾಕು. ನಾವೇನು ಡಾಕ್ಟರ್ರಾ? ಏ, ನಿಧಾನ ಕಣೋ, ಮುರಿದೀಯ! ನಿಂಗಲ್ಲ ಪುಟ್ಟಿ, ಇಡ್ತೀನಿ.”

ಬಿಗಿ ತಂತಿಯ ಪೊಟ್ಟಣವನ್ನು ಎರಡು ಸಲ ಒಡೆಯಲು ಹೋಗಿ ಎರಡು ಸಲ ಇಟ್ಟೆ. ಕೊನೆಗೆ ತೆಳು ತಂತಿಗಳು ಮೂರನ್ನು ಸಡಿಲು ಪೊಟ್ಟಣದಿಂದ ತೆಗೆದೆ. ದಪ್ಪನೆಯದು ಸಡಿಲಾದರೆ ಹಗ್ಗದ ಹಾಗೆ ಜೋಲುತ್ತದೆಂದು ಅದೊಂದನ್ನು ನಡುವಿನ ಪೊಟ್ಟಣದಿಂದ ತೆಗೆದೆ. ಹೀಗೆ ಎರಡು ಪೊಟ್ಟಣ ಒಡೆದು ಬೆರೆಸಿದ್ದು ಗೊತ್ತಾದರೆ ಅತ್ತೆ ನನ್ನ ಚರ್ಮ ಸುಲಿಯುತ್ತಾಳೆ ಎಂದುಕೊಳ್ಳುತ್ತಲೇ ಕಟ್ಟಿದೆ.

ಇನ್ನೊಂದು ಭಯವಿತ್ತು. ಗಿಟಾರಿನ ಕತ್ತಿನೊಳಗೆ ಒಂದು ಉಕ್ಕಿನ ಸರಳಿರುತ್ತದೆ. ತಂತಿ ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಹಿಡಿದಿಡುತ್ತದೆ. ತಂತಿಯ ಎಳೆತ ಕಡಿಮೆಯಾದಾಗ ಸರಳನ್ನೂ ಸಡಿಲಿಸಬೇಕು, ಇಲ್ಲವಾದರೆ ಕತ್ತು ಹಿಂದಕ್ಕೆ ಬಾಗಿ ತಂತಿ ಮರಕ್ಕೆ ತಾಗಿ ಕರಕರ ಎನ್ನುತ್ತದೆ. ನಾನು ಸರಳನ್ನು ತಿರುಗಿಸುವ ಅಲೆನ್ ಕೀ ಹಾಕಿ ಹೆದರಿ ಹೆದರಿ ಒಂಚೂರು ಮಾತ್ರ ತಿರುಗಿಸಿದೆ. ಇಂಥ ಕೆಲಸವನ್ನು ಒಬ್ಬಳೇ ಎಂದೂ ಮಾಡಿರಲಿಲ್ಲ. ಶುಕ್ರವಾರವಿಡೀ ಅರ್ಧ ಗಂಟೆಗೊಮ್ಮೆ ಹೋಗಿ ಕತ್ತಿನ ಮೇಲೆ ಸ್ಕೇಲುಪಟ್ಟಿ ಇಟ್ಟು ನೋಡಿದೆ. ಸರಿಯಾಗಿಯೇ ಇತ್ತು, ಅಥವಾ ಸರಿಯಾಗಿದೆ ಎಂದು ನನ್ನ ಕಣ್ಣು ಹೇಳಿಕೊಳ್ಳುತ್ತಿತ್ತು.

ಶನಿವಾರ ಒಂದಕ್ಕೆ ಐದು ನಿಮಿಷವಿದ್ದಾಗ ಮಾಮ ಬಂದರು. ಸ್ಟೂಲಿನ ಮೇಲೆ ಕೂತು ಗಿಟಾರನ್ನು ತೊಡೆಗೆ ಏರಿಸಿಕೊಂಡರು. ಮೊದಲ ಸ್ವರ ಗುಂಯ್ ಎಂದು ಅಂಗಡಿ ತುಂಬಿತು. ಎರಡನೆಯದು ಏರಿತು. ಕೈಯನ್ನು ಬಿರಡೆಗಳ ಹತ್ತಿರಕ್ಕೆ ಒಯ್ದು ದಪ್ಪ ತಂತಿ ಒತ್ತಿದರು. ಕರಕರ.

ಅವರು ತಂತಿಯ ತುದಿಗೆ ಸುತ್ತಿದ ರೇಷ್ಮೆ ದಾರವನ್ನು ನೋಡಿದರು. ಬಿಗಿಯದಕ್ಕೆ ಕೆಂಪು ದಾರ ಇರುತ್ತದೆ. ಇಲ್ಲಿ ಮೂರು ಹಸಿರು, ಒಂದು ನೀಲಿ.

“ಇದು ನನ್ನ ತಂತಿ ಅಲ್ಲ.”

ನಾನು ಕಿತ್ತಿಟ್ಟಿದ್ದ ಚೀಟಿಯನ್ನು ಮಡಚತೊಡಗಿದೆ.

“ಯಾರು ಹೇಳಿದ್ರು ನಿಂಗೆ ಇದನ್ನ ಹಾಕು ಅಂತ? ಬಾಯಿ ಬಿಡಮ್ಮ! ಎರಡೇ ಗಂಟೆ ಇರೋದು ನಂಗೆ.”

ನಾನು ಮುಂದೆ ಹೋಗಿ ಕತ್ತಿನ ಮೇಲಿನ ಆ ಗೀರುಗಳಿಗೆ ಬೆರಳಿಟ್ಟೆ. “ಇಲ್ಲಿ... ಧೂಳಿತ್ತು.”

ಅವರು ಎಡಗೈಯನ್ನು ಕತ್ತಿನಿಂದ ತೆಗೆದು, ಬೇರೆ ಯಾರದ್ದೋ ವಸ್ತುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು. ಕೊನೆಯ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

“ಎಷ್ಟು ತಿಂಗಳಾಯ್ತು ಅಂತಾನೂ ಹೇಳ್ತಾ ನಿನ್ನ ಮರ?”

“ಐದೋ... ಆರೋ.”

“ಏಳು. ನನ್ನ ಹೆಂಡತಿಗೂ ಗೊತ್ತಿಲ್ಲ.” ಗೋಡೆಯ ಗಡಿಯಾರ ನೋಡಿ ಕೇಳಿದರು, “ಈಗ ಬಿಗಿ ತಂತಿ ಹಾಕಿಕೊಡೋಕಾಗತ್ತಾ?”

“ಹಾಕ್ಬಹುದು. ಆದ್ರೆ ಹೊಸ ತಂತಿ ಹಿಗ್ತಾ ಇರತ್ತೆ. ಮೂರು ಗಂಟೆಗೆ ಶ್ರುತಿ ನಿಲ್ಲಲ್ಲ.”

ಹೇಳುವಾಗಲೇ ನಾನು ಮಾಡಿದ್ದೇನೆಂದು ನನಗೆ ಸರಿಯಾಗಿ ಕಂಡಿತು. ಅವರ ಕೈಗೆ ಸುಖವಾಗಲಿ ಎಂದುಕೊಂಡಿದ್ದೆ. ಕೇಳದೆ ಮಾಡಿದ್ದರಿಂದ, ಬೇಡ ಎನ್ನುವ ದಾರಿಯನ್ನೇ ಅವರಿಗೆ ಉಳಿಸಿರಲಿಲ್ಲ.

“ಕೇಳ್ಬೇಕಿತ್ತು ನೀನು,” ಎಂದರು ಮಾಮ. ಬೈದಿದ್ದರೆ ಚೆನ್ನಾಗಿತ್ತು.

“ಫೋನ್ ಮಾಡಿದ್ದೆ.”

“ಓ, ಆ ಉಸಿರು ನಿಂದಾ!” ನಗು ಬಂದಿತೋ ಅಳು ಬಂದಿತೋ ಗೊತ್ತಾಗದ ಮುಖ. “ಸರಿ, ಈ ಕರಕರ ನಿಲ್ಲಿಸು ಮೊದ್ಲು.”

ಅಲೆನ್ ಕೀ ಹಾಕಿದೆ. ಕಾಲು ಸುತ್ತು. ಒಳಗೆ ಮರ ಟಕ್ ಎಂದಿತು. ಇಬ್ಬರೂ ಉಸಿರು ಹಿಡಿದೆವು. ಮತ್ತೆ ಶ್ರುತಿ ಮಾಡಿಕೊಂಡು ಅವರು ಅದೇ ಸ್ವರ ನುಡಿಸಿದರು. ಕರಕರ ಇರಲಿಲ್ಲ. ಏಳು ತಿಂಗಳಿಂದ ಮುಟ್ಟದ ಸ್ವರ ಉದ್ದಕ್ಕೆ ನಿಂತಿತು.

“ಮೆಲ್ಲಗೆ ಒತ್ತಿ, ಮಾಮ.”

“ಮೂವತ್ತು ವರ್ಷ ಗುದ್ದಿದ ಕೈಗೆ ಈಗ ಮೆಲ್ಲಗೆ ಅಂತ ನೀನೇ ಹೇಳು.” ಆದರೂ ಒಂದೂವರೆ ಗಂಟೆ ಅಲ್ಲೇ ಕೂತು ಅದನ್ನೇ ಅಭ್ಯಾಸ ಮಾಡಿದರು. ಹೊರಡುವಾಗ, “ಆ ಕೀ ತಗೊಂಡು ನೀನೂ ಬಾ. ದಾರೀಲಿ ಇದು ಮತ್ತೆ ಕತ್ತು ತಿರುಗಿಸಿದ್ರೆ ನಾನೇನು ಮಾಡ್ಲಿ?” ಎಂದರು.

ತಾಲೀಮು ಕೋಣೆ ಎರಡನೆಯ ಮಹಡಿಯಲ್ಲಿತ್ತು. ಮಡಿಸುವ ಕುರ್ಚಿಗಳು, ಗೋಡೆಗೆ ಹಳೆ ಕಾರ್ಪೆಟ್ಟು. ಇಪ್ಪತ್ತಾರರ ಹುಡುಗ ಮುಗಿಸಿ ಗಿಟಾರನ್ನು ಚೀಲಕ್ಕೆ ತುಂಬುತ್ತಿದ್ದ. ಅವನ ಬೆರಳುಗಳು ನಿಜಕ್ಕೂ ಉದ್ದವಿದ್ದವು. ಪಿಯಾನೋ ಮೇಡಂ ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡು ನೇರ ನುಡಿಸಲು ಶುರುಮಾಡಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಮೊದಲ ಹಾಡಿನಲ್ಲಿ ಮಾಮ ಮೇಲಕ್ಕೆ ಜಾರಿದಾಗ ಸ್ವರ ಕೂದಲೆಳೆ ಏರಿತು. ಮೇಡಂ ಹುಬ್ಬೆತ್ತಿದರು. ಇನ್ನೊಮ್ಮೆ ಏರಿತು. ಎಲ್ಲ ನನ್ನಿಂದ, ಎದ್ದು ಓಡಿಹೋಗಲೇ ಎನಿಸಿತು. ಎರಡನೆಯ ಹಾಡು ನಿಧಾನದ್ದು. ಮಾಮನ ಭುಜ ಇಳಿಯುವುದನ್ನು ನೋಡಿದೆ, ಆಮೇಲೆ ಮೊಣಕೈ, ಆಮೇಲೆ ಬೆರಳು. ಸ್ವರ ಇದ್ದಲ್ಲಿ ಇತ್ತು. ಮೂರನೆಯದರ ವೇಗಕ್ಕೆ ಕಿರುಬೆರಳು ಬರಲಿಲ್ಲ. ಎಟುಕದ ಸ್ವರಗಳನ್ನು ಬಿಟ್ಟರು. ತಾಳವನ್ನು ಬಿಡಲಿಲ್ಲ.

“ಶಬ್ದ ಬೇರೆ ಥರ ಇದೆಯಲ್ಲ,” ಎಂದರು ಮೇಡಂ. “ಏನು ಮಾಡಿದ್ರಿ?”

ಮಾಮ ತಿರುಗಿ ನನ್ನನ್ನು ನೋಡಿದರು. ಆಮೇಲೆ ಎಡಗೈಯನ್ನು ಎತ್ತಿ ತೋರಿಸಿದರು. “ಕೈ ಸೋತಿದೆ. ತಂತಿ ಸಡಿಲ ಮಾಡಿಕೊಂಡೆ.”

“ವರ್ಷಪೂರ್ತಿ ತಡೆಯುತ್ತಾ?”

“ಕೈ ಬಗ್ಗೆ ಗೊತ್ತಿಲ್ಲ. ಗಿಟಾರ್ ಬಗ್ಗೆ ಅವಳನ್ನ ಕೇಳಿ.”

ಮೇಡಂ ನನ್ನ ಕಡೆ ತಿರುಗಿದರು. ಹುಡುಗನೂ ಚೀಲದ ಜಿಪ್ಪು ಹಿಡಿದು ನೋಡುತ್ತಿದ್ದ. ನಾನು ಎದ್ದು ನಿಂತೆ. ಮುಷ್ಟಿಯಲ್ಲಿದ್ದ ಕೀ ಚರ್ಮಕ್ಕೆ ಒತ್ತುತ್ತಿತ್ತು.

“ಕತ್ತು ಇನ್ನೂ ಸ್ವಲ್ಪ ಬಾಗಬಹುದು,” ಎಂದೆ. “ಒಂದು ತಿಂಗಳು ವಾರವಾರ ನೋಡ್ಬೇಕು. ನಾನು ಬಂದು ನೋಡ್ತೀನಿ.”

ಮೇಡಂ ಪೆನ್ಸಿಲ್ ತೆಗೆದು ಕಾಗದದ ಮೇಲೆ ಏನೋ ಬರೆದರು. “ಇವನು ನಿಮಗಿಂತ ಎರಡು ಪಟ್ಟು ಸ್ವರ ನುಡಿಸಿದ,” ಎಂದರು ಮಾಮನಿಗೆ. “ನಂಗೆ ಅಷ್ಟೊಂದು ಬೇಡ. ಒಂದು ತಿಂಗಳು ಬನ್ನಿ. ಕೈ ನೋಡಿಕೊಂಡು ಆಮೇಲೆ ಮಾತಾಡೋಣ. ಡಾಕ್ಟರಿಗೆ ತೋರ್ಸಿ, ಮೊದ್ಲು ಅದು.”

ಒಂದು ತಿಂಗಳು. ಸಿಕ್ಕಿತು ಎನ್ನಬೇಕೋ ಸಿಕ್ಕಿಲ್ಲ ಎನ್ನಬೇಕೋ ತಿಳಿಯದೆ ಇಬ್ಬರೂ ಮೆಟ್ಟಿಲಿಳಿದೆವು. ತಿರುವಿನಲ್ಲಿ ಮಾಮ ನಿಂತರು. ಪೆಟ್ಟಿಗೆಯನ್ನು ಎಡಗೈಗೆ ಬದಲಾಯಿಸಲು ಹೋಗಿ, ಆಗದೆ ನನ್ನ ಕಡೆ ಚಾಚಿದರು.

“ಹಿಡ್ಕೋ. ಬೀಳಿಸಿದ್ರೆ ನೋಡು ಮತ್ತೆ!”

ಪೆಟ್ಟಿಗೆ ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಎರಡೂ ಕೈಯಲ್ಲಿ ಅವುಚಿಕೊಂಡು ನಾಲ್ಕು ಮೆಟ್ಟಿಲು ಇಳಿದಿರಬೇಕು, ನಿಂತುಬಿಟ್ಟೆ.

“ಮಾಮ,” ಎಂದೆ. “ಅಂಗಡಿಗೆ ಬೀಗ ಹಾಕಿಲ್ಲ.”

“ಅಯ್ಯೋ ನಿನ್ನ! ಬಾಯಿ ಬಿಟ್ರೆ ಇಂಥದ್ದೇನಾ?” ಎನ್ನುತ್ತಾ ಅವರು ಆಗಲೇ ಬೀದಿಯಲ್ಲಿ ಓಡತೊಡಗಿದ್ದರು. ಪೆಟ್ಟಿಗೆಯ ಜೊತೆ ನಾನು ಹಿಂದೆ ಓಡಿದೆ, ಒಳಗಿನ ಕತ್ತಿಗೆ ಪೆಟ್ಟಾಗದ ಹಾಗೆ, ಆದಷ್ಟು ಮೆಲ್ಲಗೆ.