ಅಯ್ಯೋರು ಕೂತ ಸೀಟು

ಹುಣಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೋಟೆಗೆ ಹೋಗುವ ಬಸ್ಸು ಬಂದು ನಿಂತರೆ ಜನ ಬಾಗಿಲಿಗಿಂತ ಮೊದಲು ಕಿಟಕಿಗೆ ಮುತ್ತುತ್ತಾರೆ. ಟವಲು, ಬ್ಯಾಗು, ಸೊಪ್ಪಿನ ಕಟ್ಟು, ಕೈಗೆ ಸಿಕ್ಕಿದ್ದನ್ನು ಒಳಗೆ ಎಸೆದು ಸೀಟು ಹಿಡಿಯುತ್ತಾರೆ. ತೊಂಬತ್ತೆಂಟನೇ ಇಸವಿಯಲ್ಲಿ ಒಂದು ದಿನ ನಮ್ಮಜ್ಜಿ ಸುನಂದಮ್ಮ ಮಾತ್ರ ಏನನ್ನೂ ಎಸೆಯಲಿಲ್ಲ. ಮಡಿಲಿನಿಂದ ಒಂದು ಕಾವಿ ವಸ್ತ್ರ ತೆಗೆದು ಕಣ್ಣಿಗೊತ್ತಿಕೊಂಡು, ನನ್ನ ಕೈಗೆ ಕೊಟ್ಟು, ಕಿಟಕಿಯಿಂದ ಮೆಲ್ಲಗೆ ಇಳಿಬಿಡು ಅಂದಳು. ಬೇರೆಯವರು ಸೀಟು ಹಿಡಿದರು. ಅಜ್ಜಿ ಗುರುಗಳನ್ನೇ ಬಸ್ಸು ಹತ್ತಿಸಿದಳು.

ಆ ವಸ್ತ್ರ ಗುರುಮಲ್ಲಪ್ಪನವರದು. ನಮ್ಮ ಕಡೆ ಅವರನ್ನು ಅಯ್ಯೋರು ಅಂತಲೇ ಕರೆಯುವುದು. ತೀರಿಕೊಳ್ಳುವ ಮುಂಚೆ ಅದನ್ನು ಅಜ್ಜಿಗೆ ಕೊಟ್ಟು, ಎಲ್ಲಿ ಹೋದರೂ ಜೊತೆಗಿರುತ್ತೇನೆ ಎಂದಿದ್ದರಂತೆ. ಅಜ್ಜಿಗೆ ಮಾತೆಂದರೆ ಮಾತು. ಅವಳು ಹೇಳುವ ಕಥೆಗಳಲ್ಲಿ ಮರ ನಡೆಯುತ್ತಿತ್ತು, ಹುತ್ತ ಮಾತಾಡುತ್ತಿತ್ತು. ಅದನ್ನೆಲ್ಲ ನಂಬಿಕೊಂಡು ಬೆಳೆದ ನನಗೆ ಅಯ್ಯೋರು ಬಸ್ಸಿನಲ್ಲಿ ಬರುವುದು ದೊಡ್ಡ ವಿಷಯ ಅನ್ನಿಸಲಿಲ್ಲ. ಬೇಜಾರಾದದ್ದು ಒಂದಕ್ಕೇ: ಅದು ಇಬ್ಬರು ಕೂರುವ ಸೀಟು. ಅಜ್ಜಿ ಒಂದು ಕಡೆ, ಅಯ್ಯೋರು ಒಂದು ಕಡೆ. ನಾನು ಕಂಬಿ ಹಿಡಿದು ನಿಂತೆ.

ಕೋಟೆ ದಾರಿಯಲ್ಲಿ ಸಿಗುವ ಮಠದಲ್ಲಿ ಅಂದು ಅಯ್ಯೋರ ವರ್ಷದ ಪೂಜೆ. ಬಸ್ಸು ಇನ್ನೇನು ಹೊರಡಬೇಕು, ಏದುಸಿರು ಬಿಡುತ್ತಾ ಹತ್ತಿದವರು ರಾಮಮ್ಮ. ಅಜ್ಜಿಯ ವಾರಗಿತ್ತಿ, ನನಗೆ ದೊಡ್ಡಜ್ಜಿ. ಒಂದೇ ಬೀದಿಯಲ್ಲಿದ್ದರೂ ಇಬ್ಬರಿಗೆ ನಾಲ್ಕು ವರ್ಷದಿಂದ ಮಾತಿಲ್ಲ. ಅಯ್ಯೋರು ನಮ್ಮೂರಿಗೆ ಬಂದ ದಿನ ಅಜ್ಜಿ ಬೆಳಗಿನಿಂದ ಒಬ್ಬಟ್ಟು ತಟ್ಟಿ ಕಾದಿದ್ದಳು. ಅವರೋ, ಬೀದಿಯ ಮೊದಲ ಮನೆಯೆಂದು ದೊಡ್ಡಜ್ಜಿಯ ಮನೆ ಹೊಕ್ಕು, ಮುದ್ದೆ ಸೊಪ್ಪುಸಾರು ಉಂಡು, ಹೊಟ್ಟೆ ತುಂಬಿತು ಎಂದುಬಿಟ್ಟರು. ಅವತ್ತಿನಿಂದ ಅಯ್ಯೋರು ಯಾರ ಮನೆಯವರು ಅನ್ನುವ ವ್ಯಾಜ್ಯ ತೀರಿರಲಿಲ್ಲ. ದೊಡ್ಡಜ್ಜಿ ಅಯ್ಯೋರು ಕೂತ ಮಣೆಗೆ ದಿನಾ ಹೂವಿಡುತ್ತಿದ್ದರು. ವಸ್ತ್ರ ಕೈಗೆ ಬಂದ ಮೇಲೆ ಅಜ್ಜಿ ತಾನು ಗೆದ್ದೆ ಅಂದುಕೊಂಡಿದ್ದಳು.

ಕಂಡಕ್ಟರ್ ಬಂದು ಖಾಲಿ ಸೀಟು ಯಾರದು ಅಂತ ಕೇಳಿದ. ಅಯ್ಯೋರದು, ಅವರಿಗೂ ಒಂದು ಟಿಕೆಟ್ ಕೊಡು ಅಂದಳು ಅಜ್ಜಿ. ಅವರೆಲ್ಲಿ ಅಂದ. ಎಲ್ಲ ಕಡೆಯೂ ಅಂದಳು.

“ಎಲ್ಲಾ ಕಡೆ ಅವ್ರೆ ಅಂದ್ರೆ ಫುಟ್‌ಬೋರ್ಡಲ್ಲೂ ಅವ್ರೆ ಅಲ್ವೇನಜ್ಜಿ? ಅಲ್ಲೇ ನಿಂತ್ಕಳ್ಳಿ ಬುಡಿ. ಈಯಮ್ಮ ಕೂತ್ಕಳ್ಳಿ.”

ಬಸ್ಸೆಲ್ಲ ನಕ್ಕಿತು. ಅವನು ತೋರಿಸಿದ್ದು ದೊಡ್ಡಜ್ಜಿಯನ್ನು. ಮಂಡಿ ಊದಿಕೊಂಡು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಂತಿದ್ದರು. ಅಜ್ಜಿ ವಸ್ತ್ರದ ಮೇಲೆ ಕೈಯೂರಿದಳು. ಕೊಟ್ಟರೆ ಅದೇ ಹೆಂಗಸಿಗೆ ಎರಡನೇ ಸಲ ಅಯ್ಯೋರನ್ನು ಬಿಟ್ಟುಕೊಟ್ಟಂತೆ. ಬಸ್ಸು ಹಳ್ಳಕ್ಕೆ ಇಳಿದು ಹತ್ತಿದಾಗಲೆಲ್ಲ ದೊಡ್ಡಜ್ಜಿ ಸಣ್ಣಗೆ ನರಳುತ್ತಿದ್ದರು, ಅಜ್ಜಿ ಕಿಟಕಿಯಾಚೆ ಹೊಗೆಸೊಪ್ಪಿನ ಹೊಲ ನೋಡುತ್ತಿದ್ದಳು. ಮೂರನೇ ಸಲ ನರಳಿದ್ದು ಕೇಳಿ, ಮುಖ ತಿರುಗಿಸದೆ ನನಗೆ ಹೇಳಿದಳು, “ಕೂತ್ಕಳಕ್ಕೆ ಯೋಳು ಅವ್ರಿಗೆ.”

ದೊಡ್ಡಜ್ಜಿಯೂ ನನಗೇ ಉತ್ತರ ಕೊಟ್ಟರು. “ಅಯ್ಯೋರು ಕೂತವ್ರಲ್ಲ ಮಗ. ಅವ್ರ ಮೇಲೆ ನಾನೆಂಗೆ ಕೂರ್ಲಿ?”

ಹಿಂದೆ ಯಾರೋ ಮತ್ತೆ ನಕ್ಕರು. ಅಜ್ಜಿ ನಗಲಿಲ್ಲ. ಅಷ್ಟು ಜನರಿಗೆ ಅಲ್ಲಿ ಒಂದು ತುಂಡು ಬಟ್ಟೆ ಕಾಣುತ್ತಿತ್ತು. ಕಾಲು ಸೇದಿಹೋಗುತ್ತಿದ್ದ ಈ ಒಬ್ಬಾಕೆಗೆ ಮಾತ್ರ ಅಯ್ಯೋರು ಕಾಣುತ್ತಿದ್ದರು. ಅಜ್ಜಿ ಮೆಲ್ಲಗೆ ತಿರುಗಿದಳು.

“ಅಕ್ಕ, ನಿಂಗೂ ಕಾಣ್ತಾವ್ರ?”

“ಕಾಣ್ದೆ ಏನು. ಸೆಕೆಗೆ ಬೆವ್ರು ಒರಸ್ಕತಾವ್ರೆ ನೋಡು.”

ಅಜ್ಜಿ ಖಾಲಿ ಸೀಟನ್ನು ಒಂದು ಗಳಿಗೆ ನೋಡಿದಳು. ಆಮೇಲೆ ವಸ್ತ್ರವನ್ನು ಎತ್ತಿ ತನ್ನ ತೊಡೆಯ ಮೇಲೆ ಹಾಕಿಕೊಂಡಳು.

“ಸರ್ಕಂಡ್ರು ಕಣಕ್ಕ. ಬಾ.”

ದೊಡ್ಡಜ್ಜಿ ಕೂತರು. ವಸ್ತ್ರ ಇಬ್ಬರ ತೊಡೆಯ ಮೇಲೂ ಹರಡಿಕೊಂಡಿತು. ಅಯ್ಯೋರು ಎಲ್ಲಿಗೆ ಸರಿದರೆಂದು ನಾನು ಬಸ್ಸಿನ ತುಂಬ ಹುಡುಕಿದೆ. ಯಾರದೋ ಮಗು ಇನ್ಯಾರದೋ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಕುರಿಮಂದೆ ದಾಟಲಿ ಎಂದು ಡ್ರೈವರ್ ಹಾರನ್ ಹೊಡೆಯದೆ ಕಾಯುತ್ತಿದ್ದ. ಫುಟ್‌ಬೋರ್ಡಿನಲ್ಲಿ ಕೂದಲು ಹಾರಿಸಿಕೊಂಡು ನಿಂತಿದ್ದ ಕಂಡಕ್ಟರನೂ, ಹಾಳಾದವನು, ಸ್ವಲ್ಪ ಅಯ್ಯೋರ ಹಾಗೇ ಕಂಡ.

ನಾಲ್ಕು ವರ್ಷದ ಮಾತು ಒಟ್ಟಿಗೆ ಬಂದರೆ ಯಾರ ಕಿವಿಗೆ ಏನು ಕೇಳುತ್ತದೆ? ಆ ಸೊಪ್ಪುಸಾರಿಗೆ ಉಪ್ಪೇ ಹಾಕಿರಲಿಲ್ಲ ಎಂದು ದೊಡ್ಡಜ್ಜಿ ಒಪ್ಪಿಕೊಂಡದ್ದಕ್ಕೆ ಅಜ್ಜಿ ಬಿದ್ದು ಬಿದ್ದು ನಕ್ಕಳು. ಅಷ್ಟರಲ್ಲಿ ಮಠದ ಸ್ಟಾಪು ದಾಟಿಹೋಗಿತ್ತು. ಮುಂದಿನ ಊರಲ್ಲಿ ಇಳಿದು ಎರಡು ಮೈಲಿ ಹಿಂದಕ್ಕೆ ನಡೆಯಬೇಕಾಯಿತು. ಅವರಿಬ್ಬರು ಕೈ ಕೈ ಹಿಡಿದು, ದೊಡ್ಡಜ್ಜಿಯ ಮಂಡಿಯ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದರು. ದೂರದಿಂದ ಜಾಗಟೆ ಕೇಳಿಸಿತು. ಪೂಜೆ ತಪ್ಪಿಹೋಗುತ್ತದೆ ಎಂದು ನಾನು ಅವಸರ ಮಾಡಿದೆ.

“ಸುಮ್ಕೆ ನಡಿ ಮಗ,” ಅಂದರು ದೊಡ್ಡಜ್ಜಿ. “ಅಯ್ಯೋರು ಇಲ್ಲಿ ನಮ್ ಜೊತೇಲಿ ಕಾಲೆಳ್ಕಂಡು ಬತ್ತಾವ್ರೆ. ಅಲ್ಲಿ ಯಾರಿಗೆ ಮಾಡ್ತಾರೆ ಪೂಜೆಯ?”