ಬಕೆಟ್ಟಿನ ಮೇಲಿನ ನೀರು

ಜ್ಯೂಯೆಲ್‌ಗೆ ಒಂದೂವರೆ ವರ್ಷ ತುಂಬಿದಾಗ ಆಸ್ಪತ್ರೆಯವರು ಬೆರಳು ಚುಚ್ಚಿ ರಕ್ತ ನೋಡಿ, ಸೀಸ ಒಂಬತ್ತಿದೆ ಎಂದರು. ಇರಬೇಕಾದದ್ದು ಸೊನ್ನೆ. ಅವಳು ನನ್ನ ಮೊಮ್ಮಗಳು ರೊಶಾನಳ ಮಗಳು. ರೊಶಾನ ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿ ಮಾಡುತ್ತಾಳೆ, ಆರು ಗಂಟೆಗೆ ಬಸ್ಸು. ಅವಳು ಬರುವ ತನಕ ಮಗುವಿಗೆ ಉಣ್ಣಿಸಿ, ತೊಳೆದು, ಮಲಗಿಸುವವನು ನಾನು. ಎಂಬತ್ತೊಂದು ವರ್ಷದ ಮುದುಕ, ಹೆಸರು ಓಥಾ. ನನ್ನನ್ನು ನಂಬಿ ಇಷ್ಟು ದೊಡ್ಡ ಕೆಲಸ ಬೇರೆ ಯಾರೂ ಕೊಟ್ಟಿರಲಿಲ್ಲ.

ಗೋಡೆಯ ಬಣ್ಣ ನೋಡಿದರು, ಹಿತ್ತಿಲ ಮಣ್ಣು ನೋಡಿದರು, ಅಲ್ಲೇನೂ ಸಿಗಲಿಲ್ಲ. ಬೀದಿಯ ದೊಡ್ಡ ಕೊಳವೆಯಿಂದ ನಮ್ಮ ಮನೆಗೆ ನೀರು ತರುವ ಸಣ್ಣ ಕೊಳವೆ ಸೀಸದ್ದು, ಮನೆ ಕಟ್ಟಿದ ಕಾಲದ್ದು. ಅದನ್ನು ಅಗೆದು ಬದಲಿಸಬೇಕು. ಕೊಳವೆ ಬದಲಿಸುವ ನಗರಸಭೆಯವರ ಪಟ್ಟಿಯಲ್ಲಿ ಹೆಸರು ಬರೆಸಿದೆವು. ನಮ್ಮ ಸರದಿ ಯಾವಾಗ ಎಂದು ಕೇಳಿದರೆ ಫೋನಿನಲ್ಲಿದ್ದ ಹುಡುಗಿ, ಹೇಳಲಾಗದು, ಕೆಲವು ವರ್ಷಗಳೇ ಹಿಡಿಯಬಹುದು ಎಂದಳು.

ಅಲ್ಲಿಯ ತನಕ ಏನು ಮಾಡಬೇಕೆಂದು ಒಂದು ಕಾಗದ ಬಂತು. ನಾನು ಶಾಲೆಗೆ ಹೋದದ್ದು ಹತ್ತಿ ಬಿಡಿಸುವ ಕೆಲಸವಿಲ್ಲದ ತಿಂಗಳುಗಳಲ್ಲಿ, ಅದೂ ಮೂರನೇ ತರಗತಿಗೇ ಮುಗಿಯಿತು. ರೊಶಾನಳೇ ಓದಿ ಹೇಳಿದಳು. ಬೆಳಗ್ಗೆ ಎದ್ದೊಡನೆ ನಲ್ಲಿಯನ್ನು ಐದು ನಿಮಿಷ ಬಿಡಬೇಕು. ಬಿಸಿನೀರಿನ ನಲ್ಲಿಯದು ಬಾಯಿಗೆ ಹಾಕಬಾರದು. ಸೋಸುವ ಜಗ್ಗು ಇಟ್ಟುಕೊಂಡರೆ ಒಳ್ಳೆಯದು. ಮರುದಿನವೇ ಜಗ್ಗು ತಂದಳು.

"ಕುಡಿಯೋದಕ್ಕೆ ಇದೇ ನೀರು ತಾತ, ಮರೀಬೇಡ" ಎಂದಳು.

ನಾನು ಮರೆಯಲಿಲ್ಲ. ಕುಡಿಯಲು ಜಗ್ಗಿನದೇ ಕೊಟ್ಟೆ. ದಿನಾ ಬೆಳಗ್ಗೆ ಐದು ನಿಮಿಷ ನಲ್ಲಿಯನ್ನೂ ಬಿಟ್ಟೆ. ಆದರೆ ಕೆಳಗೆ ಬಕೆಟ್ಟು ಇಟ್ಟೆ.

ನಾನು ಚಿಕ್ಕವನಿದ್ದಾಗ ಮಿಸಿಸಿಪ್ಪಿಯಲ್ಲಿ ನಮ್ಮ ಗುಡಿಸಲಿಂದ ಪಂಪಿಗೆ ಮುಕ್ಕಾಲು ಮೈಲಿ. ಎಂಟು ಮಂದಿಗೆ ದಿನಕ್ಕೆ ನಾಲ್ಕು ಬಕೆಟ್ಟು. ಒಮ್ಮೆ ನನ್ನ ತಮ್ಮ ಹೊಸಿಲಲ್ಲಿ ಎಡವಿ ಒಂದು ಬಕೆಟ್ಟು ಪೂರ್ತಿ ಚೆಲ್ಲಿದ. ಅಮ್ಮ ಹೊಡೆಯಲಿಲ್ಲ, ಬಯ್ಯಲಿಲ್ಲ. ಒದ್ದೆಯಾದ ಮಣ್ಣನ್ನೇ ನೋಡುತ್ತಾ ಕೂತುಬಿಟ್ಟಳು. ಅವತ್ತಿನಿಂದ ನನಗೆ ನೀರು ಚೆಲ್ಲಲು ಕೈ ಬರುವುದಿಲ್ಲ.

ಆ ಪಂಪಿನ ನೀರು ಕೆಂಪಗೆ ಬರುತ್ತಿತ್ತು. ರಾತ್ರಿಯೆಲ್ಲ ಅಲುಗಿಸದೆ ಇಟ್ಟರೆ ಕೆಸರು ತಳ ಸೇರಿ, ಬೆಳಗಾಗುವಷ್ಟರಲ್ಲಿ ಮೇಲಿನದು ತಿಳಿಯಾಗುತ್ತಿತ್ತು. ಸೋರೆ ಬುರುಡೆಯಿಂದ ಮೇಲುಮೇಲಕ್ಕೆ ಎತ್ತಿಕೊಳ್ಳಬೇಕು. ಹಾಗೆ ಕುಡಿದೇ ನಾವು ಬೆಳೆದದ್ದು.

ಸೀಸವೂ ನನಗೆ ಹೊಸದಲ್ಲ. ಕೆಳಮನೆಯ ಕ್ಲೀಟಸ್ ಜೊತೆ ಐವತ್ತು ವರ್ಷ ಸರೋವರದಲ್ಲಿ ಮೀನು ಹಿಡಿದಿದ್ದೇನೆ. ಗಾಳದ ದಾರದ ಸೀಸದ ಗುಂಡು ನೀರಿಗೆ ಬಿದ್ದರೆ ನೆಟ್ಟಗೆ ತಳಕ್ಕೆ. ಹಗುರವಾದ ಕೆಸರೇ ತಳ ಸೇರುವಾಗ ಅಷ್ಟು ಭಾರದ ಸೀಸ ಸೇರದೆ ಇರುತ್ತದೆಯೇ? ಕ್ಲೀಟಸ್‌ಗೆ ಹೇಳಿದೆ.

"ಆ ಗುಂಡು ಹಲ್ಲಲ್ಲಿ ಕಚ್ಚಿ ಕಚ್ಚಿ ದಾರಕ್ಕೆ ಕೂರಿಸ್ದೋರಲ್ವೇನೋ ನಾವು" ಎಂದ ಅವನು. "ನಿನ್ ತಲೆ ಹಿಂಗಾಗಿರೋದು ಅದಕ್ಕೇ ಕಣೋ ಓಥಾ."

ನಕ್ಕಾದ ಮೇಲೆ, ಮಾತೇನೋ ಸರಿ ಎಂದು ಅವನೂ ಒಪ್ಪಿದ.

ಹಾಗಾಗಿ ಬೆಳಗಿನ ಮೊದಲ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ತಟ್ಟೆ ಮುಚ್ಚಿ, ಮರುದಿನ ಮೇಲಿನದನ್ನು ಮಾತ್ರ ಎತ್ತಿಕೊಂಡೆ. ಅದರಲ್ಲಿ ಜ್ಯೂಯೆಲ್‌ಗೆ ಮೆಕ್ಕೆಜೋಳದ ಗಂಜಿ ಕಾಯಿಸಿದೆ. ಅಲಸಂದೆ ಬೇಯಿಸಿದೆ. ಸೊಪ್ಪನ್ನು ಎರಡು ಗಂಟೆ ಕುದಿಸಿ, ಆ ರಸಕ್ಕೆ ರೊಟ್ಟಿ ಅದ್ದಿ ತಿನ್ನಿಸಿದೆ. ತಳದ ನಾಲ್ಕು ಬೆರಳು ನೀರು ಮಾತ್ರ ಮೋರಿಗೆ. ಮಗು ಬಕೆಟ್ಟಿನ ಹತ್ತಿರ ಬಂದರೆ, "ಅಲುಗಿಸ್ಬೇಡ ಕಣಮ್ಮ, ಕೆಟ್ಟದ್ದು ಮೇಲೆ ಬಂದ್ಬಿಡತ್ತೆ" ಎನ್ನುತ್ತಿದ್ದೆ. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು, ಒಳಗೆ ಯಾರೋ ಮಲಗಿರುವರು ಎಂಬಂತೆ ತುದಿಗಾಲಲ್ಲಿ ಹಿಂದೆ ಸರಿಯುತ್ತಿದ್ದಳು.

ನಾಲ್ಕು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರು. ಹತ್ತೊಂಬತ್ತು.

ರೊಶಾನ ಜಗ್ಗಿನ ಸೋಸುವ ಬಿಲ್ಲೆ ಬದಲಿಸಿದಳು, ಆಟದ ಸಾಮಾನೆಲ್ಲ ತೊಳೆದಳು, ಕಿಟಕಿಗಳನ್ನು ಒರೆಸಿ, ನೆಲವನ್ನು ಮಂಡಿಯೂರಿ ಉಜ್ಜಿದಳು. ಆ ವಾರವೇ ಮಿಸ್ ಹ್ಯಾಟನ್ ಎಂಬ ನರ್ಸು ಮನೆಗೆ ಬಂದರು. ಅಡುಗೆಮನೆಯಲ್ಲಿ ಕೂತು, ಎದ್ದಾಗಿನಿಂದ ಏನೇನು ಮಾಡುತ್ತೀರಿ, ಒಂದೊಂದಾಗಿ ತೋರಿಸಿ ಎಂದು ನನ್ನನ್ನು ಕೇಳಿದರು. ತೋರಿಸಿದೆ. ನಲ್ಲಿ, ಬಕೆಟ್ಟು, ಮುಚ್ಚುವ ತಟ್ಟೆ. ನೀರು ಅಲುಗದ ಹಾಗೆ ಸೌಟು ಇಳಿಸುವುದನ್ನೂ ತೋರಿಸಿದೆ. ಸ್ವಲ್ಪ ಹೆಮ್ಮೆಯೇ ಇತ್ತು.

ಅವರು ಬರೆಯುವುದನ್ನು ನಿಲ್ಲಿಸಿದರು.

"ಅದು ಕರಗಿರತ್ತೆ ಸರ್, ಉಪ್ಪು ಕರಗಿದ ಹಾಗೆ. ಎಷ್ಟು ದಿನ ಇಟ್ರೂ ತಳಕ್ಕೆ ಕೂರಲ್ಲ" ಎಂದರು. "ರಾತ್ರಿಯೆಲ್ಲ ಕೊಳವೇಲಿ ನಿಂತ ನೀರಿದೆಯಲ್ಲ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅದು ಹೋಗ್ಲಿ ಅಂತಲೇ ಐದು ನಿಮಿಷ ಬಿಡಿ ಅನ್ನೋದು."

"ಕಾಯಿಸಿದ್ನಲ್ಲ" ಎಂದೆ.

ಕಾಯಿಸಿದರೆ ನೀರು ಆವಿಯಾಗುತ್ತದೆ, ಸೀಸ ಪಾತ್ರೆಯಲ್ಲೇ ಉಳಿಯುತ್ತದೆ ಎಂದರು. ಸರಿಹೋಗುತ್ತಾಳಾ ಎಂದು ರೊಶಾನ ಕೇಳಿದಳು. ರಕ್ತದಲ್ಲಿರುವುದು ನಿಧಾನಕ್ಕೆ ಇಳಿಯುತ್ತದಂತೆ. ತಲೆಯಲ್ಲಿ ಆದದ್ದನ್ನು ತಿರುಗಿಸಲಾಗದಂತೆ. ಎಷ್ಟು ಆಗಿದೆ ಎಂಬುದು ಶಾಲೆಗೆ ಹೋಗುವಾಗ ಗೊತ್ತಾಗುತ್ತದಂತೆ.

ನರ್ಸು ಹೋದ ಮೇಲೆ ರೊಶಾನ ಬಹಳ ಹೊತ್ತು ಬಕೆಟ್ಟು ನೋಡುತ್ತಾ ಕೂತಿದ್ದಳು. ನನಗೆ ಅಮ್ಮ ಕೂತಿದ್ದ ಹಾಗೆ ಕಂಡಿತು.

"ನಾಳೆಯಿಂದ ಅವಳ ಅಡುಗೆ ನಾನೇ ಮಾಡಿಟ್ಟು ಹೋಗ್ತೀನಿ ತಾತ" ಎಂದಳು. "ನೀನು ಒಲೆ ಹತ್ರ ಹೋಗ್ಬೇಡ."

ದನಿಯಲ್ಲಿ ಕೋಪವಿರಲಿಲ್ಲ.

ಜ್ಯೂಯೆಲ್‌ಗೆ ಈಗ ಎರಡೂವರೆ ವರ್ಷ. ಸೀಸ ಹದಿನಾಲ್ಕಕ್ಕೆ ಇಳಿದಿದೆ. ಅವಳಿಗೆ ಏಳು ಮಾತು ಬರುತ್ತವೆ, ನಾನು ಲೆಕ್ಕ ಇಟ್ಟಿದ್ದೇನೆ. ಕ್ಲೀಟಸ್‌ನ ಮರಿಮಗ ಅವಳಿಗಿಂತ ಎರಡು ತಿಂಗಳು ಚಿಕ್ಕವನು, ಮೆಟ್ಟಿಲ ಮೇಲೆ ಕೂತು ಹಾಡು ಹೇಳುತ್ತಾನೆ. ಅವನು ಹಾಡಲು ಶುರುಮಾಡಿದರೆ ಕ್ಲೀಟಸ್ ಏನೋ ನೆಪ ಹೇಳಿ ಒಳಗೆ ಕರೆದುಕೊಂಡು ಹೋಗುತ್ತಾನೆ.

ಕೊಳವೆಯ ಸರದಿ ಬಂದಿಲ್ಲ. ಬೆಳಗ್ಗೆ ನಲ್ಲಿ ಬಿಡುವುದೊಂದೇ ಈಗ ನನ್ನ ಕೆಲಸ. ಗಡಿಯಾರ ನೋಡುತ್ತಾ ನಿಲ್ಲುತ್ತೇನೆ, ನೀರು ಹರಿದು ಹೋಗುತ್ತದೆ. ಜ್ಯೂಯೆಲ್ ಬರಿಗಾಲಲ್ಲಿ ಬಂದು ಖಾಲಿ ಬಕೆಟ್ಟನ್ನು ಎಳೆದು ತಂದು ನನ್ನ ಕಾಲ ಬಳಿ ಇಡುತ್ತಿದ್ದಳು. ಎತ್ತಿಟ್ಟರೆ ಮತ್ತೆ ತರುತ್ತಿದ್ದಳು. ಮೊನ್ನೆ ಅದನ್ನು ಕಸಕ್ಕೆ ಹಾಕಿ ಬಂದೆ.

ನಿನ್ನೆ ತನ್ನ ಪುಟ್ಟ ಲೋಟ ತಂದಳು. ನಲ್ಲಿಯವರೆಗೆ ಕೈ ಎಟುಕದೆ, ಲೋಟವನ್ನು ಆದಷ್ಟು ಮೇಲಕ್ಕೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಅಲುಗದೆ ನಿಂತಳು. ಗಡಿಯಾರದಲ್ಲಿ ಇನ್ನೂ ಮೂರು ನಿಮಿಷ ಉಳಿದಿತ್ತು.